ಮೈಕಿಗೆ ಒಂದೇ ಕಿವಿ

ಮನೆಯಿಂದ ಲೈವ್ ಬರುವವರ ಚಿತ್ರ ತುಸು ಮಸುಕಾಗಿದ್ದರೂ ನೋಡುಗರು ಸಹಿಸಿಕೊಳ್ಳುತ್ತಾರೆ. ಮಾತು ಬಾವಿಯೊಳಗಿಂದ ಬಂದಂತೆ ಕೇಳಿಸಿತೋ, ಬೇರೆ ಚಾನೆಲ್ಲಿಗೆ ಹಾರುತ್ತಾರೆ. ಅದೇ ಕೋಣೆಯಲ್ಲಿ ಎದುರಿಗೇ ಕೂತವರಿಗೆ ಮಾತ್ರ ಯಾವ ತೊಂದರೆಯೂ ಇರುವುದಿಲ್ಲ.

ಎದುರಿಗೆ ಕೂತವರಿಗೆ ಎರಡು ಕಿವಿಗಳಿವೆ, ಅವುಗಳ ಹಿಂದೆ ಮಿದುಳಿದೆ. ಬಾಯಿಂದ ಹೊರಟ ಸದ್ದು ಮೊದಲು ನೇರವಾಗಿ ತಲುಪುತ್ತದೆ. ಆಮೇಲೆ ಗೋಡೆ, ಸೂರು, ಟೈಲ್ಸ್ ನೆಲಕ್ಕೆ ಬಡಿದು ಕೆಲವು ಮಿಲಿಸೆಕೆಂಡು ತಡವಾಗಿ ಮತ್ತೆ ಮತ್ತೆ ಬರುತ್ತದೆ. ಮಿದುಳು ಮೊದಲು ಬಂದದ್ದನ್ನು ಹಿಡಿದುಕೊಂಡು ಉಳಿದದ್ದನ್ನು ಹಿಂದಕ್ಕೆ ಸರಿಸುತ್ತದೆ. ಫ್ಯಾನಿನ ಸದ್ದು ಬೇರೆ ದಿಕ್ಕಿನದು ಎಂದು ಎರಡು ಕಿವಿಗಳ ಲೆಕ್ಕದಿಂದ ತಿಳಿದು ಅದನ್ನೂ ಕಡೆಗಣಿಸುತ್ತದೆ. ಮೈಕಿಗೆ ಇರುವುದು ಒಂದು ತೆಳುಪೊರೆ ಅಷ್ಟೇ. ಅದರ ಮೇಲೆ ಬಿದ್ದದ್ದೆಲ್ಲ ಒಂದೇ ತಂತಿಯಲ್ಲಿ ಬೆರೆತುಹೋಗುತ್ತದೆ. ಒಮ್ಮೆ ಬೆರೆತ ಮೇಲೆ ಅದನ್ನು ಬಿಡಿಸಲು ಕೇಳುಗರ ಮಿದುಳಿಗೂ ಆಗುವುದಿಲ್ಲ.

ಹಾಗಾಗಿ "ಯಾವ ಮೈಕ್ ತಗೊಳ್ಳಲಿ?" ಎಂದವರಿಗೆ ನನ್ನ ಮೊದಲ ಪ್ರಶ್ನೆ, "ಬಾಯಿಂದ ಎಷ್ಟು ದೂರ ಇಡ್ತೀರಿ?" ದೂರ ಅರ್ಧಕ್ಕಿಳಿದರೆ ದನಿ 6 ಡೆಸಿಬೆಲ್ ಏರುತ್ತದೆ. ಲ್ಯಾಪ್‌ಟಾಪಿನ ಪಕ್ಕ 60 ಸೆಂಟಿಮೀಟರ್ ದೂರದಲ್ಲಿದ್ದ ಮೈಕನ್ನು 15ಕ್ಕೆ ತಂದರೆ 12 ಡೆಸಿಬೆಲ್. ಕೋಣೆಯ ಮಾರ್ದನಿಯಾದರೋ ಮೈಕ್ ಎಲ್ಲಿಟ್ಟರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಆದ್ದರಿಂದ ಆ 12 ಪೂರ್ತಿ ಮಾತಿನ ಲಾಭ. ಎಲ್ಲ ದಿಕ್ಕಿನಿಂದಲೂ ಕೇಳುವ ಮೈಕ್ ಬಿಟ್ಟು, ಮುಂದಿನದನ್ನೇ ಹೆಚ್ಚು ಕೇಳುವ ಕಾರ್ಡಿಯಾಯ್ಡ್ ಕೊಂಡರೆ ಮಾರ್ದನಿಯ ಎದುರು ಸಿಗುವ ಲಾಭ 5 ಡೆಸಿಬೆಲ್‌ಗಿಂತ ತುಸು ಕಡಿಮೆ. ದುಡ್ಡು ಕೊಟ್ಟರೆ 5, ಕೈ ಚಾಚಿ ಹತ್ತಿರ ಎಳೆದುಕೊಂಡರೆ 12!

ಕಾರ್ಡಿಯಾಯ್ಡ್ ಬೇಡವೆಂದಲ್ಲ, ಅದರ ಜಾಣತನ ನನಗೆ ಬಲು ಇಷ್ಟ. ಅಮೆರಿಕದ ಶೂರ್ ಕಂಪನಿಯಲ್ಲಿದ್ದ ಬೆಂಜಮಿನ್ ಬೌವರ್ ರೂಪಿಸಿ, 1939ರಲ್ಲಿ ಹೊರಬಂದ ಯೂನಿಡೈನ್ ಮೈಕಿನಲ್ಲಿ ಪೊರೆಯ ಹಿಂಬದಿಗೂ ಸದ್ದು ನುಗ್ಗಲು ದಾರಿ ಬಿಟ್ಟಿದ್ದರು. ಹಿಂದಿನಿಂದ ಬಂದ ಸದ್ದು ಆ ದಾರಿಯಲ್ಲಿ ಕೊಂಚ ತಡವಾಗುತ್ತದೆ. ಅಷ್ಟರಲ್ಲಿ ಅದೇ ಸದ್ದು ಮೈಕನ್ನು ಬಳಸಿಕೊಂಡು ಮುಂಬದಿಗೂ ಬಂದಿರುತ್ತದೆ. ಎರಡೂ ಕಡೆಯಿಂದ ಒಮ್ಮೆಗೇ ತಳ್ಳಿಸಿಕೊಂಡ ಪೊರೆ ಕದಲುವುದೇ ಇಲ್ಲ. ಅಡುಗೆಮನೆಯ ಬಾಗಿಲು ಮೈಕಿನ ಬೆನ್ನಿಗೆ ಬರುವಂತೆ ಕೂತು ನೋಡಿ, ಕುಕ್ಕರ್ ಕೂಗಿದ್ದು ಎಷ್ಟೋ ತಗ್ಗಿ ಕೇಳುತ್ತದೆ.

ಇನ್ನು ಡೈನಾಮಿಕ್, ಕಂಡೆನ್ಸರ್ ಜಗಳ. ಡೈನಾಮಿಕ್‌ನಲ್ಲಿ ಪೊರೆಗೆ ಅಂಟಿದ ತಂತಿಸುರುಳಿ ಅಯಸ್ಕಾಂತದ ನಡುವೆ ಆಡಿ ವಿದ್ಯುತ್ ಹುಟ್ಟುತ್ತದೆ. ಕಂಡೆನ್ಸರ್‌ನಲ್ಲಿ ಸುರುಳಿಯ ಭಾರವಿಲ್ಲ. ವಿದ್ಯುದಾವೇಶ ಹೊತ್ತ ಪೊರೆ ಮತ್ತು ಹಿಂದಿನ ತಟ್ಟೆಯ ನಡುವಿನ ಅಂತರ ಬದಲಾದಂತೆ ಸಂಕೇತ ಹುಟ್ಟುತ್ತದೆ. ಪೊರೆ ಹಗುರವಾದ್ದರಿಂದ ಸ, ಶ ಮೊದಲಾದವು ಚುರುಕಾಗಿ ಮೂಡುತ್ತವೆ. "ಕಂಡೆನ್ಸರ್ ಬೀದಿಯ ಸದ್ದನ್ನೆಲ್ಲ ಎಳೆದು ತರುತ್ತೆ, ಡೈನಾಮಿಕ್ ತರಲ್ಲ" ಅನ್ನುತ್ತಾರೆ. ಅದು ಅರ್ಧ ಸತ್ಯ. ಕಂಡೆನ್ಸರ್ ಹೆಚ್ಚು ಸೂಕ್ಷ್ಮ, ನಿಜ. ಆದರೆ ಬೀದಿಗೆ ಎಷ್ಟೋ ಮಾತಿಗೂ ಅಷ್ಟೇ. ಒಂದೇ ದೂರ, ಒಂದೇ ದಿಕ್ಕಿನ ಗುಣ ಇದ್ದರೆ ಮಾತು ಮತ್ತು ಗದ್ದಲದ ಅನುಪಾತ ಎರಡರಲ್ಲೂ ಬಹುತೇಕ ಒಂದೇ. ಡೈನಾಮಿಕ್ ಗೆಲ್ಲುವುದು ಅದನ್ನು ತುಟಿಗೆ ಹತ್ತಿರ ಹಿಡಿಯುವ ರೂಢಿಯಿಂದ.

ಲೈವ್ ಮಾಡುವವರು ಆಸೆಪಡುವ ಶೂರ್ ಎಸ್‌ಎಂ7ಬಿ ಕೂಡ ಡೈನಾಮಿಕ್. ಅದರ ಸಂಕೇತ ಎಷ್ಟು ಕ್ಷೀಣವೆಂದರೆ 60 ಡೆಸಿಬೆಲ್, ಅಂದರೆ ವೋಲ್ಟೇಜಿನಲ್ಲಿ ಸಾವಿರ ಪಟ್ಟು ಹಿಗ್ಗಿಸಬೇಕು. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಅಗ್ಗದ ಆಡಿಯೊ ಇಂಟರ್‌ಫೇಸಿನಲ್ಲಿ ಸಂಕೇತ ಹಿಗ್ಗಿಸುವ ಗೇನ್ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರೆ ಮಾತಿನ ಜೊತೆ ಹಿಸ್ ಎನ್ನುವ ಸದ್ದೂ ಬರುತ್ತದೆ. ಮೊದಲ ಸಲ ಕೊಳ್ಳುವವರಿಗೆ ಇದು ಬೇಡ. ನೇರ ಕಂಪ್ಯೂಟರಿಗೆ ಸಿಕ್ಕಿಸುವ ಯುಎಸ್‌ಬಿ ಮೈಕ್ ಸಾಕು.

ಹತ್ತಿರ ತಂದರೆ ಬೇರೊಂದು ತಾಪತ್ರಯವಿದೆ. ಅಂಗೈಯನ್ನು ಬಾಯಿಯ ಮುಂದಿಟ್ಟು "ಭಾಗ್ಯ", "ಫಲ" ಎನ್ನಿ, ಗಾಳಿ ಕೈಗೆ ಬಡಿಯುತ್ತದೆ. ಆ ಗಾಳಿ ಪೊರೆಗೆ ಬಡಿದರೆ ಡಬ್ ಎನ್ನುವ ಸದ್ದು. ಮಹಾಪ್ರಾಣಗಳನ್ನು ಚೊಕ್ಕವಾಗಿ ಉಚ್ಚರಿಸುವ ಕನ್ನಡ ಮೇಷ್ಟ್ರುಗಳಿಗೇ ಈ ಕಾಟ ಹೆಚ್ಚು! ಫೋಮ್ ಟೋಪಿ ತೊಡಿಸಿ, ಮೈಕನ್ನು ತುಟಿಯ ನೇರಕ್ಕಿಡದೆ ಬಾಯಿಯ ಅಂಚಿಗೆ ಸರಿಸಿ. ಗಾಳಿ ಪಕ್ಕದಲ್ಲಿ ಹಾದುಹೋಗುತ್ತದೆ, ಮಾತು ಉಳಿಯುತ್ತದೆ.

ಬೋರ್ಡಿನ ಮುಂದೆ ಓಡಾಡಿ ಪಾಠ ಮಾಡುವವರಿಗೆ ನನ್ನ ಸಲಹೆ ಕಾಲರ್ ಮೈಕ್. ಅತ್ತಿತ್ತ ಹೋದರೂ ಬಾಯಿಂದ ಅದರ ದೂರ ಬದಲಾಗುವುದಿಲ್ಲ. ಅದರೊಳಗಿರುವುದು ಸಾಮಾನ್ಯವಾಗಿ ಆವೇಶವನ್ನು ಶಾಶ್ವತವಾಗಿ ಹಿಡಿದಿಟ್ಟುಕೊಳ್ಳುವ ಎಲೆಕ್ಟ್ರೆಟ್ ಪದಾರ್ಥ. 1962ರಲ್ಲಿ ಬೆಲ್ ಲ್ಯಾಬ್ಸಿನ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ರೂಪಿಸಿದ ಮೈಕಿನ ಬಗೆ ಇದು. ಜರಿಯಂಚು, ಸರ ತಾಗದ ಕಡೆ ಸಿಕ್ಕಿಸಿಕೊಳ್ಳಬೇಕು.

ಬ್ಲೂಟೂತ್ ಇಯರ್‌ಬಡ್ ಮಾತ್ರ ನೆಚ್ಚಬೇಡಿ. ಮೈಕ್ ಚಾಲೂ ಆದೊಡನೆ ಅವು ಸಾಮಾನ್ಯವಾಗಿ ಫೋನ್ ಕರೆಯ ಗುಣಮಟ್ಟಕ್ಕೆ ಇಳಿದು, ಸೆಕೆಂಡಿಗೆ 8 ಅಥವಾ 16 ಸಾವಿರ ಸಲ ಮಾತ್ರ ಸದ್ದಿನ ಮಾದರಿ ತೆಗೆಯುತ್ತವೆ. 8 ಸಾವಿರವಾದರೆ 4 ಕಿಲೋಹರ್ಟ್ಸ್ ಮೇಲಿನದು ಕತ್ತರಿಸಿಹೋಗುತ್ತದೆ; "ಸ"ಕಾರದ ಬಹುಪಾಲು ಇರುವುದೇ ಅಲ್ಲಿ. ಹಳೇ ಫೋನಿನ ಜೊತೆ ಬಂದ ತಂತಿಯ ಇಯರ್‌ಫೋನ್ ಮನೆಯಲ್ಲಿದ್ದರೆ, ಅದರ ಪುಟ್ಟ ಮೈಕನ್ನು ಅಂಗಿಯ ಮೇಲಿನ ಗುಂಡಿಯ ಬಳಿ ಪಿನ್ ಮಾಡಿಕೊಳ್ಳಿ. ಇಯರ್‌ಬಡ್‌ಗಿಂತ ಅದೇ ವಾಸಿ.