ಸಪ್ಪೆ ಅನ್ನಬೇಡಿ! ಮನೆಯಲ್ಲೇ ಮಾಡಿ ಐರಿಷ್ ಸ್ಟ್ಯೂ



ಮಾರ್ಚ್ 17, ಸೇಂಟ್ ಪ್ಯಾಟ್ರಿಕ್ ದಿನ ಹತ್ತಿರ ಬಂತೆಂದರೆ ಲಂಡನ್ನಿನಲ್ಲಿ ಎತ್ತ ನೋಡಿದರೂ ಹಸಿರು ಟೋಪಿ, ಹಸಿರು ಬಾವುಟ. 2002ರಲ್ಲಿ ಇಲ್ಲಿ ಶುರುವಾದ ಹಬ್ಬದ ಮೆರವಣಿಗೆಯನ್ನು ನಿಮ್ಮಲ್ಲಿ ಅನೇಕರು ಮಕ್ಕಳ ಜೊತೆ ಹೋಗಿ ನೋಡಿರುತ್ತೀರಿ. ಆದರೆ ಐರಿಷ್ ಊಟ ಅಂದಕೂಡಲೇ ನಮ್ಮವರ ಬಾಯಲ್ಲಿ ಬರುವ ಮಾತು ಒಂದೇ: "ಅಯ್ಯೋ, ಸಪ್ಪೆ ಕಣ್ರೀ!"

ಕುರಿಮಾಂಸ, ಆಲೂಗಡ್ಡೆ, ಈರುಳ್ಳಿ, ನೀರು, ಉಪ್ಪು. ಹಳೆಯ ಐರಿಷ್ ಸ್ಟ್ಯೂ ಅಂದರೆ ಇಷ್ಟೇ. ಒಗ್ಗರಣೆ ಇಲ್ಲ, ಮಸಾಲೆ ಇಲ್ಲ. ಹಾಗಾದರೆ ರುಚಿ ಎಲ್ಲಿಂದ ಬರಬೇಕು? ಸಮಯದಿಂದ ಮತ್ತು ಸಣ್ಣ ಉರಿಯಿಂದ. ಇದು ಗೊತ್ತಾದರೆ ಅರ್ಧ ಅಡುಗೆ ಆದ ಹಾಗೆಯೇ.

ಬಡವರ ಮನೆಯ ಅಡುಗೆ

ಐರ್ಲೆಂಡಿನ ಹಳ್ಳಿಗರ ಮನೆಯಲ್ಲಿ ಓವನ್ ಇರುತ್ತಿರಲಿಲ್ಲ. ಪೀಟ್ ಎಂಬ ಒಣಗಿಸಿದ ಜೌಗು ಮಣ್ಣಿನ ಹೆಂಟೆಗಳೇ ಸೌದೆ. ಅದರ ಮಂದ ಬೆಂಕಿಯ ಮೇಲೆ ತೂಗುಹಾಕಿದ ಕಬ್ಬಿಣದ ಪಾತ್ರೆ ಒಂದೇ. ಕುರಿ ಸಾಕುತ್ತಿದ್ದುದು ಉಣ್ಣೆಗೆ, ಹಾಲಿಗೆ. ವಯಸ್ಸಾದ ಕುರಿಯ ಗಟ್ಟಿ ಮಾಂಸವೇ ಪಾತ್ರೆಗೆ ಬೀಳುತ್ತಿತ್ತು. ಆ ಮಾಂಸ ಮೆತ್ತಗಾಗಬೇಕಾದರೆ ಗಂಟೆಗಟ್ಟಲೆ ಬೇಯಲೇಬೇಕು.

ಇನ್ನು ಆಲೂಗಡ್ಡೆಯ ಕಥೆ. 1845ರಲ್ಲಿ ಐರ್ಲೆಂಡಿನ ಆಲೂ ಬೆಳೆಗೆ ಒಂದು ರೋಗ ಬಡಿಯಿತು. ನಮ್ಮ ಹಾಸನದ ರೈತರು ಅಂಗಮಾರಿ ಎಂದು ಕರೆಯುವ ರೋಗವೇ ಅದು, ಇವತ್ತಿಗೂ ಅವರ ನಿದ್ದೆ ಕೆಡಿಸುತ್ತಿರುವಂಥದ್ದು! ಆಲೂ ಬಿಟ್ಟು ಬೇರೆ ಊಟವೇ ಇಲ್ಲದಿದ್ದ ಲಕ್ಷಾಂತರ ಬಡವರು ದಿಕ್ಕಿಲ್ಲದಂತಾದರು. 1852ರ ಹೊತ್ತಿಗೆ ಸುಮಾರು ಹತ್ತು ಲಕ್ಷ ಜನ ಸತ್ತರು, ಇನ್ನೂ ಹತ್ತು ಲಕ್ಷ ಜನ ದೇಶ ಬಿಟ್ಟರು. ಜನ ಸಾಯುತ್ತಿರುವಾಗಲೂ ಅಲ್ಲಿಂದ ಧಾನ್ಯ ಹೊರಗೆ ಸಾಗುತ್ತಲೇ ಇತ್ತು. 1876-78ರಲ್ಲಿ, ಧಾತು ಈಶ್ವರ ಸಂವತ್ಸರಗಳ ಬರದಲ್ಲಿ, ಮೈಸೂರು ಸಂಸ್ಥಾನ ತನ್ನ ಜನರಲ್ಲಿ ಸುಮಾರು ಐದರಲ್ಲೊಂದು ಪಾಲು ಕಳೆದುಕೊಂಡದ್ದನ್ನು ನೆನೆದರೆ, ಈ ಸಂಕಟ ನಮಗೆ ಹೊಸದೇನಲ್ಲ ಅನ್ನಿಸುತ್ತದೆ.

ಹಾಗೆ ಊರು ಬಿಟ್ಟವರಲ್ಲಿ ಅನೇಕರು ಲಂಡನ್ನಿಗೂ ಬಂದರು. ಎರಡನೇ ಮಹಾಯುದ್ಧದ ನಂತರ ಕಟ್ಟಡ, ರಸ್ತೆ ಕೆಲಸಕ್ಕೆ ಬಂದ ಮತ್ತೊಂದು ಅಲೆ ಕಿಲ್ಬರ್ನ್, ಕ್ರಿಕಲ್‌ವುಡ್, ಕ್ಯಾಮ್ಡೆನ್ ಕಡೆ ನೆಲೆಸಿತು. ಅವರಿಗಾಗಿ 1950ರ ದಶಕದಲ್ಲಿ ಕ್ಯಾಮ್ಡೆನ್‌ನಲ್ಲಿ ಶುರುವಾದ ಲಂಡನ್ ಐರಿಷ್ ಸೆಂಟರ್ ಇಂದಿಗೂ ಇದೆ. ಪರಊರಿನಲ್ಲಿ ಅವರಿಗೆ ಈ ಸ್ಟ್ಯೂ, ನಮಗೆ ಮುದ್ದೆ-ಬಸ್ಸಾರು ಇದ್ದ ಹಾಗೆ. ಅದನ್ನು ಸಪ್ಪೆ ಅನ್ನುವ ಮುಂಚೆ ಒಮ್ಮೆ ಸರಿಯಾಗಿ ಮಾಡಿ ತಿಂದು ನೋಡೋಣ.

ಅಂಗಡಿಯಲ್ಲಿ ಏನು ಕೇಳಬೇಕು?

ಇಲ್ಲಿ ಲ್ಯಾಂಬ್ ಅಂದರೆ ಒಂದು ವರ್ಷದೊಳಗಿನ ಕುರಿಮರಿ, ಮಟನ್ ಅಂದರೆ ಬೆಳೆದ ಕುರಿ. ನಮ್ಮ ಅಂಗಡಿಗಳಲ್ಲಿ ಮಟನ್ ಎಂದು ಮೇಕೆ ಮಾಂಸ ಕೊಡುವುದೂ ಉಂಟು, ಕೇಳಿ ತಿಳಿದುಕೊಳ್ಳಿ. ಸೌತಾಲ್, ಟೂಟಿಂಗ್, ಈಸ್ಟ್ ಹ್ಯಾಮ್‌ನ ಮಾಂಸದಂಗಡಿಗಳಲ್ಲಿ ಕುರಿಯ ಕತ್ತಿನ ಭಾಗವನ್ನು ಎಲುಬಿನ ಸಮೇತ ಕತ್ತರಿಸಿಕೊಡಿ ಎನ್ನಿ. ಈ ಭಾಗಕ್ಕೆ ಬೆಲೆ ಕಡಿಮೆ, ರುಚಿ ಜಾಸ್ತಿ. ಎಲುಬಿನ ಸುತ್ತಲಿನ ಗಟ್ಟಿ ನಾರು ನಿಧಾನವಾಗಿ ಕರಗಿ ಜೆಲಟಿನ್ ಆಗಿ ರಸಕ್ಕೆ ಮೈ ಕೊಡುತ್ತದೆ. ಕೊತಕೊತ ಕುದಿಸಿದರೆ ಮಾಂಸ ಬಿಗಿದು ನಾರುನಾರಾಗುತ್ತದೆ.

ಆಲೂ ಎರಡು ಜಾತಿಯದು ಬೇಕು. ಮಾರಿಸ್ ಪೈಪರ್ ಅಥವಾ ಕಿಂಗ್ ಎಡ್ವರ್ಡ್ ಹಿಟ್ಟುಹಿಟ್ಟಾಗಿ ಕರಗಿ ರಸವನ್ನು ಮಂದ ಮಾಡುತ್ತದೆ, ಮೈದಾ ಬೇಕಿಲ್ಲ. ಶಾರ್ಲಟ್ ಜಾತಿಯದು ಒಡೆಯದೆ ಹೋಳಾಗಿಯೇ ಉಳಿಯುತ್ತದೆ.

ಬೇಕಾಗುವ ಸಾಮಗ್ರಿಗಳು (4 ಜನಕ್ಕೆ)

ಎಲುಬಿನ ಸಮೇತ ಕುರಿಯ ಕತ್ತಿನ ಮಾಂಸ – 1 ಕೆಜಿ
ಮಾರಿಸ್ ಪೈಪರ್ ಆಲೂ – ಅರ್ಧ ಕೆಜಿ, ತೆಳ್ಳಗೆ ಬಿಲ್ಲೆ
ಶಾರ್ಲಟ್ ಆಲೂ – ಅರ್ಧ ಕೆಜಿ, ಎರಡು ಹೋಳು
ಈರುಳ್ಳಿ – 3 ದೊಡ್ಡದು, ದಪ್ಪ ಬಿಲ್ಲೆ
ನೀರು – ಸುಮಾರು 750 ಮಿ.ಲೀ.
ಥೈಮ್ 2 ಕಡ್ಡಿ, ಪಾರ್ಸ್ಲಿ ಒಂದು ಹಿಡಿ, ಉಪ್ಪು, ಕರಿಮೆಣಸಿನ ಪುಡಿ

ಮಾಡುವ ವಿಧಾನ

1. ದಪ್ಪ ತಳದ ಪಾತ್ರೆಯಲ್ಲಿ ಮೊದಲು ತೆಳು ಆಲೂ ಬಿಲ್ಲೆ ಹರಡಿ. ಅದರ ಮೇಲೆ ಅರ್ಧ ಈರುಳ್ಳಿ, ಆಮೇಲೆ ಮಾಂಸ ಮತ್ತು ಥೈಮ್, ಮತ್ತೆ ಉಳಿದ ಈರುಳ್ಳಿ. ಪ್ರತಿ ಪದರಕ್ಕೂ ಸ್ವಲ್ಪ ಉಪ್ಪು, ಮೆಣಸು. ಮಾಂಸವನ್ನು ಹುರಿಯುವುದು ಬೇಡ.

2. ನೀರು ಹಾಕಿ ಒಂದು ಕುದಿ ಬರಿಸಿ, ಮೇಲೆ ಬಂದ ನೊರೆ ತೆಗೆಯಿರಿ.

3. ಬಿಗಿಯಾಗಿ ಮುಚ್ಚಿ ತೀರಾ ಸಣ್ಣ ಉರಿಯಲ್ಲಿಡಿ, ಅಥವಾ 150 ಡಿಗ್ರಿ ಓವನ್ನಿನಲ್ಲಿ (ಫ್ಯಾನ್ ಇದ್ದರೆ 130). ಮೇಲೆ ಆಗೊಂದು ಈಗೊಂದು ಗುಳ್ಳೆ ಬಂದರೆ ಸಾಕು.

4. ಲ್ಯಾಂಬ್ ಆದರೆ ಒಂದು ಗಂಟೆ, ಮಟನ್ ಆದರೆ ಎರಡು ಗಂಟೆಯ ನಂತರ ಶಾರ್ಲಟ್ ಹೋಳುಗಳನ್ನು ಮೇಲಿಟ್ಟು ಮತ್ತೆ ಮುಚ್ಚಿ, ಇನ್ನೊಂದು ಗಂಟೆ ಬೇಯಿಸಿ. ಮಾಂಸ ಎಲುಬಿನಿಂದ ತಾನಾಗಿ ಬಿಡಬೇಕು.

5. ಪಾರ್ಸ್ಲಿ ಉದುರಿಸಿ ಬಿಸಿಬಿಸಿಯಾಗಿ ಬಡಿಸಿ. ಜೊತೆಗೆ ಸೋಡಾ ಬ್ರೆಡ್ ಇದ್ದರೆ ಸೊಗಸು.

ಪ್ರೆಶರ್ ಕುಕ್ಕರ್ ಬಿಟ್ಟರೆ ನಮಗೆ ಅಡುಗೆಯೇ ಇಲ್ಲವಲ್ಲ! ಮಾಂಸ, ಈರುಳ್ಳಿ, ನೀರು ಮಾತ್ರ ಹಾಕಿ, ಮೊದಲ ವಿಸಲ್ ಆದ ಮೇಲೆ ಸಣ್ಣ ಉರಿಯಲ್ಲಿ 20-25 ನಿಮಿಷ ಇಡಿ. ಒತ್ತಡ ಇಳಿದ ಮೇಲೆ ಎರಡೂ ಆಲೂ ಹಾಕಿ, ವಿಸಲ್ ಇಲ್ಲದೆ, ಅರ್ಧ ಗಂಟೆ ಬೇಯಿಸಿ.

ರಾತ್ರಿ ಉಳಿದದ್ದನ್ನು ಆರಿಸಿ ಎರಡು ಗಂಟೆಯೊಳಗೆ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಮೇಲೆ ಹೆಪ್ಪುಗಟ್ಟಿದ ಕೊಬ್ಬನ್ನು ಸುಲಭವಾಗಿ ತೆಗೆಯಬಹುದು. ನಮ್ಮ ಹುಳಿಯ ಹಾಗೆ ಇದಕ್ಕೂ ಮಾರನೆಯ ದಿನವೇ ರುಚಿ ಹೆಚ್ಚು. ಚೆನ್ನಾಗಿ ಕುದಿಸಿ ತಿನ್ನಿ.

ಕೆಲವು ಮಾತು

ಕ್ಯಾರೆಟ್ ಹಾಕಬೇಕೇ ಬೇಡವೇ ಎಂದು ಐರಿಷ್ ಜನರಲ್ಲೇ ದೊಡ್ಡ ಜಗಳ. ಬಿಸಿಬೇಳೆ ಬಾತಿಗೆ ಈರುಳ್ಳಿ ಹಾಕಬಹುದೇ ಎಂದು ನಾವು ಜಗಳವಾಡುವ ಹಾಗೆ! ಹಾಕಿದರೆ ತಪ್ಪೇನಿಲ್ಲ. ಗರಂ ಮಸಾಲೆ ಮಾತ್ರ ಬೇಡ, ಆಗ ಅದು ನಮ್ಮ ಮಟನ್ ಸಾರೇ ಆಗಿಬಿಡುತ್ತದೆ.

ದನದ ಮಾಂಸ ತಿನ್ನದವರಿಗೆ ಒಂದು ಎಚ್ಚರಿಕೆ. ಹಳೆಯ ಕ್ರಮದಲ್ಲಿ ಕುರಿಮಾಂಸವೇ ಇದ್ದರೂ, ಪಬ್ಬುಗಳಲ್ಲಿ ಇದೇ ಹೆಸರಿನಲ್ಲಿ ಬೀಫ್ ಮತ್ತು ಗಿನ್ನೆಸ್ ಹಾಕಿದ ಸ್ಟ್ಯೂ ಸಿಗುವುದುಂಟು. ಕೇಳಿಯೇ ಆರ್ಡರ್ ಮಾಡಿ. ಸ್ಟಾಕ್ ಕ್ಯೂಬ್ ಕೊಳ್ಳುವಾಗಲೂ ಲೇಬಲ್ ಓದಿ.

ಸಸ್ಯಾಹಾರಿಗಳು ಬೇಸರಿಸಬೇಡಿ. ಮಾಂಸದ ಬದಲು ಕಾಲು ಕೆಜಿ ಅಣಬೆಯನ್ನು ಬೆಣ್ಣೆಯಲ್ಲಿ ಕೆಂಪಗೆ ಹುರಿದು, 100 ಗ್ರಾಂ ಪರ್ಲ್ ಬಾರ್ಲಿ, ಕ್ಯಾರೆಟ್, ಟರ್ನಿಪ್ ಸೇರಿಸಿ. ಬಾರ್ಲಿ ನೀರು ಹೀರುವುದರಿಂದ ಒಂದು ಲೀಟರ್ ನೀರು ಬೇಕು. ಒಂದು ಗಂಟೆ ಸಣ್ಣ ಉರಿ ಸಾಕು. ಐರಿಷ್ ಅಜ್ಜಿಯರು ಇದನ್ನು ಐರಿಷ್ ಸ್ಟ್ಯೂ ಎಂದು ಒಪ್ಪಲಾರರು, ಆದರೆ ಎರಡನೇ ಸಲ ಬಡಿಸಿಕೊಳ್ಳದೆ ಇರಲಾರರು.

ಈ ವೀಕೆಂಡಿಗೆ ಮಾಡಿ ನೋಡಿ, ಹೇಗಾಯಿತು ಅಂತ ಬರೆದು ತಿಳಿಸಿ. ಪಕ್ಕದ ಮನೆಯವರು ಐರಿಷ್ ಆಗಿದ್ದರೆ ಒಂದು ಬಟ್ಟಲು ಕೊಟ್ಟು ಬನ್ನಿ. ಬಟ್ಟಲು ಬರಿದಾಗಿ ವಾಪಸು ಬರುವುದಿಲ್ಲ!