ಎಂಟನೇ ನಂಬರಿನ ತಂತಿಗೆ ನಿಲುಕದ ಬೈಕು

ನ್ಯೂಜಿಲೆಂಡಿಗೆ ಬಂದು ನೆಲೆಸಿದವರ ಕಿವಿಗೆ ಬಹುಬೇಗ ಬೀಳುವ ಮಾತುಗಳಲ್ಲಿ ‘ಎಂಟನೇ ನಂಬರಿನ ತಂತಿ’ ಎಂಬುದೂ ಒಂದು. ಕುರಿ ಸಾಕುವ ರೈತರು ಬೇಲಿಗೆ ಬಳಸುತ್ತಿದ್ದ, ಸುಮಾರು ನಾಲ್ಕು ಮಿಲಿಮೀಟರ್ ದಪ್ಪದ ಉಕ್ಕಿನ ತಂತಿ ಅದು. ಪೇಟೆ ದೂರ, ಬಿಡಿಭಾಗಗಳು ಬರುತ್ತಿದ್ದುದು ಹಡಗಿನಲ್ಲಿ. ಹೀಗಾಗಿ ಗೇಟು ಮುರಿದರೂ ಯಂತ್ರ ಕೆಟ್ಟರೂ ಅದೇ ತಂತಿಯ ತುಂಡಿನಿಂದ ಹೇಗೋ ಸರಿಪಡಿಸಿಕೊಳ್ಳುವುದು ಇಲ್ಲಿನವರಿಗೆ ರೂಢಿಯಾಯಿತು. ಕ್ರಮೇಣ ಆ ತಂತಿಯ ಹೆಸರೇ ಈ ನಾಡಿನ ಜಾಣ್ಮೆಗೆ ಅಂಕಿತವಾಯಿತು. ನಮ್ಮಲ್ಲಿ ‘ಜುಗಾಡ್’ ಎನ್ನುತ್ತಾರಲ್ಲ, ಅದರ ಹತ್ತಿರದ ನೆಂಟ.

ಈ ಗುಣಕ್ಕೆ ಉದಾಹರಣೆ ಕೇಳಿದರೆ ಮೋಟರ್‌ಸೈಕಲ್ ಬಲ್ಲವರು ಎರಡು ಹೆಸರುಗಳನ್ನು ತಪ್ಪದೆ ಹೇಳುತ್ತಾರೆ. ಒಬ್ಬರು, 1920ರ ಹಳೆಯ ಇಂಡಿಯನ್ ಸ್ಕೌಟ್ ಬೈಕನ್ನು ದಶಕಗಳ ಕಾಲ ತಿದ್ದಿ ತೀಡಿ, 1967ರಲ್ಲಿ ಅಮೆರಿಕದ ಬಾನ್ವಿಲ್ ಉಪ್ಪುಬಯಲಿನಲ್ಲಿ ದಾಖಲೆ ಬರೆದ ಇನ್ವರ್ಕಾರ್ಗಿಲ್‌ನ ಬರ್ಟ್ ಮನ್ರೊ. ಇನ್ನೊಬ್ಬರು, ನಾನಿರುವ ಕ್ರೈಸ್ಟ್‌ಚರ್ಚ್ ನಗರದವರೇ ಆದ ಜಾನ್ ಬ್ರಿಟ್ಟನ್. ಮನ್ರೊ ಅವರ ಮಟ್ಟಿಗೆ ಈ ತಂತಿಯ ಹೋಲಿಕೆಯನ್ನು ಒಪ್ಪಬಹುದೇನೋ. ಬ್ರಿಟ್ಟನ್ ಅವರ ವಿಷಯದಲ್ಲಿ ಮಾತ್ರ ನನ್ನ ತಕರಾರಿದೆ.

ಬ್ರಿಟ್ಟನ್ ಹುಟ್ಟಿದ್ದು 1950ರ ಆಗಸ್ಟ್ 1ರಂದು. ಅಕ್ಷರಗಳು ಕಣ್ಣೆದುರು ಗೋಜಲಾಗುವ ಡಿಸ್ಲೆಕ್ಸಿಯಾ ಸಮಸ್ಯೆ ಬಾಲ್ಯದಿಂದಲೇ ಇತ್ತು. ಓದು ಕೈಹಿಡಿಯದ ಹುಡುಗ ಕೈಕೆಲಸವನ್ನು ಹಿಡಿದ. ಹದಿಹರೆಯದಲ್ಲಿ ಗೆಳೆಯನೊಂದಿಗೆ ಹಳ್ಳದಲ್ಲಿ ಬಿದ್ದಿದ್ದ ಹಳೆಯ ಇಂಡಿಯನ್ ಸ್ಕೌಟ್ ಒಂದನ್ನು ಎತ್ತಿ ತಂದು ಜೀವ ಕೊಟ್ಟಿದ್ದು ಅವರ ಬದುಕಿನ ಮೊದಲ ದೊಡ್ಡ ದುರಸ್ತಿ. ಮುಂದೆ ನಕ್ಷೆ ಬರೆಯುವ ತರಬೇತಿ, ಎಂಜಿನಿಯರಿಂಗ್ ಪ್ರಮಾಣಪತ್ರ, ಇಂಗ್ಲೆಂಡಿನಲ್ಲಿ ಹೆದ್ದಾರಿ ವಿನ್ಯಾಸದ ನೌಕರಿ. ತಾಯ್ನಾಡಿಗೆ ಮರಳಿದ ಮೇಲೆ ಕೆಲಕಾಲ ಯಂತ್ರ ವಿನ್ಯಾಸಕಾರ, ಅನಂತರ ಗಾಜಿನ ಕುಶಲಕರ್ಮಿ. ಕೈಯಿಂದ ಗಾಜಿನ ದೀಪಗಳನ್ನು ಮಾಡಿ ಮಾರುತ್ತಿದ್ದರು. ಹಳೆಯ ಕುದುರೆ ಲಾಯವೊಂದನ್ನು ವರ್ಷಗಟ್ಟಲೆ ಶ್ರಮಪಟ್ಟು ತಾವೇ ಮನೆಯಾಗಿಸಿಕೊಂಡರು. ಕುಟುಂಬದ ಆಸ್ತಿ ವ್ಯವಹಾರವೂ ಹೆಗಲಿಗೆ ಬಂತು. ಬೈಕಿನ ಹುಚ್ಚಿಗೆ ಬೇಕಾದ ಹಣ ಹುಟ್ಟಿದ್ದು ಅಲ್ಲಿಂದ. ಸ್ವತಂತ್ರ ಸಂಶೋಧಕರ ಕಥೆ ಹೇಳುವವರು ಈ ಹಣದ ಮಾತನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ಅದಿಲ್ಲದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ರೇಸಿನ ಗೀಳು ಹತ್ತಿದ್ದು ಗೆಳೆಯರ ಕೂಟದಲ್ಲಿ. ಜಪಾನಿ ಬೈಕುಗಳೇ ಟ್ರ್ಯಾಕನ್ನು ಆಳುತ್ತಿದ್ದ 1980ರ ದಶಕದಲ್ಲಿ, ಬ್ರಿಟಿಷ್, ಯುರೋಪಿಯನ್, ಅಮೆರಿಕನ್ ಯಂತ್ರಗಳಿಗೆ ಮಾತ್ರ ಪ್ರವೇಶವಿದ್ದ ‘ಬೇರ್ಸ್’ ಎಂಬ ರೇಸ್ ವರ್ಗ ಕ್ರೈಸ್ಟ್‌ಚರ್ಚ್‌ನಲ್ಲಿತ್ತು. ಬ್ರಿಟ್ಟನ್ ಮೊದಲು ಡುಕಾಟಿಯ ಎಂಜಿನ್‌ಗೆ ತಮ್ಮದೇ ಕವಚ ತೊಡಿಸಿದರು, ಆಮೇಲೆ ಇದೇ ಊರಿನಲ್ಲಿ ತಯಾರಾಗುತ್ತಿದ್ದ ಡೆಂಕೊ ಎಂಜಿನ್ ಬಳಸಿದರು. ಎರವಲು ಎಂಜಿನ್‌ಗಳು ಮತ್ತೆ ಮತ್ತೆ ಕೈಕೊಟ್ಟಾಗ, ಎಂಜಿನ್ನನ್ನೂ ತಾವೇ ಮಾಡುವುದೆಂದು ತೀರ್ಮಾನಿಸಿದರು.

ಆ ತೀರ್ಮಾನದ ತೂಕ ಓದುಗರಿಗೆ ತಿಳಿಯಬೇಕು. ಬೈಕಿನ ಚೌಕಟ್ಟನ್ನು ಬೆಸುಗೆ ಹಾಕಿ ಕಟ್ಟುವವರು ಊರೂರಿಗೂ ಇದ್ದಾರೆ. ಎಂಜಿನ್ ಬೇರೆ ಮಾತು. ಕ್ರ್ಯಾಂಕ್‌ಕೇಸಿಗೆ ಮರದ ಅಚ್ಚು ಕೆತ್ತಬೇಕು, ಲೋಹ ಎರಕ ಹೊಯ್ಯಬೇಕು, ತಣಿದ ಎರಕವನ್ನು ಕೂದಲೆಳೆಯ ಅಳತೆಗೆ ಕೊರೆಯಬೇಕು, ಕ್ಯಾಮ್‌ನ ಉಬ್ಬುತಗ್ಗಿನಿಂದ ಇಂಧನ ಚಿಮ್ಮುವ ಕ್ಷಣದವರೆಗೆ ಎಲ್ಲವನ್ನೂ ಲೆಕ್ಕ ಹಾಕಬೇಕು. ಹತ್ತಾರು ಎಂಜಿನಿಯರುಗಳಿರುವ ಕಾರ್ಖಾನೆಗೇ ವರ್ಷಗಳು ಹಿಡಿಯುವ ಕೆಲಸ. ಆಗ ಇಡೀ ನ್ಯೂಜಿಲೆಂಡಿನ ಜನಸಂಖ್ಯೆ ಸುಮಾರು 35 ಲಕ್ಷ, ಅಂದಿನ ಬೆಂಗಳೂರಿಗಿಂತ ಕಡಿಮೆ. ರೇಸ್ ಎಂಜಿನ್‌ನ ಭಾಗಗಳನ್ನು ಪೂರೈಸುವ ಉದ್ಯಮವೆಂಬುದು ಇಲ್ಲಿರಲಿಲ್ಲ. ಎಂಜಿನ್ ಭಾಗಗಳನ್ನು ಮನೆಯಲ್ಲಿದ್ದ ಕುಂಬಾರಿಕೆಯ ಗೂಡಿನಲ್ಲಿ ಕಾಯಿಸಿ ಹದಗೊಳಿಸಿದರೆಂಬುದು ಇಲ್ಲಿ ಎಲ್ಲರೂ ಹೇಳುವ ಕಥೆ. ಬೈಕಿನ ಮೈಕಟ್ಟನ್ನು ತಂತಿ ಮತ್ತು ಬಿಸಿ ಅಂಟಿನಿಂದ ಹೆಣೆದು, ಕಣ್ಣಳತೆಯಲ್ಲಿ ತಿದ್ದಿ, ಆಮೇಲೆ ಅಚ್ಚಿಗಿಳಿಸಿದರು. ‘ನೋಡಿ, ಎಂಟನೇ ನಂಬರಿನ ತಂತಿ’ ಎಂದು ಇಲ್ಲಿನವರು ಹೆಮ್ಮೆಪಡುವುದು ಈ ವಿವರಗಳಿಗಾಗಿಯೇ.

ಆದರೆ ಯಂತ್ರವನ್ನೇ ಎದುರಿಗಿಟ್ಟುಕೊಂಡು ನೋಡಿದರೆ ತೇಪೆಯ ಗುರುತು ಎಲ್ಲಿಯೂ ಕಾಣುವುದಿಲ್ಲ. ಮೈಸೂರಿನಿಂದ ಬಂದಿದ್ದ ಅಪ್ಪನನ್ನು ವೆಲಿಂಗ್ಟನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಟೆ ಪಾಪಾಗೆ ಕರೆದುಕೊಂಡು ಹೋಗಿದ್ದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಯನ್ನು ಇಪ್ಪತ್ತು ವರ್ಷ ಓಡಿಸಿ, ಬಿಚ್ಚಿ, ಜೋಡಿಸಿದ ಕೈ ಅವರದು. ನೀಲಿ ಮತ್ತು ಗುಲಾಬಿ ಬಣ್ಣದ ಬ್ರಿಟ್ಟನ್ ವಿ1000 ಬೈಕಿನ ಸುತ್ತ ಎರಡು ಸುತ್ತು ಬಂದು ನಿಂತರು.

“ಇದಕ್ಕೆ ಚಾಸಿಸ್ಸೇ ಇಲ್ವಲ್ಲೋ!” ಎಂದರು. ಇನ್ನೊಂದು ಗಳಿಗೆ ಬಿಟ್ಟು, “ನೀರು ತಣ್ಣಗೆ ಮಾಡೋ ರೇಡಿಯೇಟರ್ ಎಲ್ಲಿಟ್ಟಿದಾನಪ್ಪ ಇವನು?”

ಎರಡೂ ಸರಿಯಾದ ಪ್ರಶ್ನೆಗಳೇ. ಈ ಬೈಕಿಗೆ ಪ್ರತ್ಯೇಕ ಚೌಕಟ್ಟಿಲ್ಲ, ಎಂಜಿನ್ನೇ ಬೆನ್ನೆಲುಬು. ಮುಂದಿನ ಚಕ್ರವನ್ನು ಹೊರುವ ಭಾಗ, ಹಿಂದಿನ ಚಕ್ರದ ಸ್ವಿಂಗ್‌ಆರ್ಮ್, ಸವಾರನ ಆಸನ ಎಲ್ಲವೂ ಅದರ ಆಧಾರದಲ್ಲೇ ನಿಂತಿವೆ. ರೇಡಿಯೇಟರ್ ಇರುವುದು ಸೀಟಿನ ಕೆಳಗೆ. ಮೂತಿಯ ರಂಧ್ರದಿಂದ ಒಳಹೊಕ್ಕ ಗಾಳಿ ಒಳದಾರಿಯಲ್ಲಿ ಹರಿದು ಅದನ್ನು ತಣಿಸಿ ಹೊರಬೀಳುತ್ತದೆ. ಎಂಜಿನ್‌ನ ಮುಂದೆ ರೇಡಿಯೇಟರ್ ಇಲ್ಲದಿರುವುದರಿಂದ ಎಂಜಿನ್ನನ್ನು ಮುಂಚಕ್ರದ ಹತ್ತಿರಕ್ಕೆ ಸರಿಸಬಹುದು, ಬೈಕಿನ ಉದ್ದವನ್ನೂ ಅಗಲವನ್ನೂ ಕುಗ್ಗಿಸಬಹುದು. ಹೀಗೆ ತೆರವಾದ ಜಾಗದಲ್ಲಿ ಹಿಂಚಕ್ರದ ಶಾಕ್ ಅಬ್ಸಾರ್ಬರನ್ನು ತಂದು ಕೂರಿಸಿದ್ದಾರೆ! ಹಿಂದಿನ ಸ್ಪ್ರಿಂಗು ಮುಂದೆ, ಮುಂದಿನ ರೇಡಿಯೇಟರು ಹಿಂದೆ. ಮುಂಚಕ್ರಕ್ಕೆ ಎಲ್ಲರೂ ಬಳಸುವ ಕೊಳವೆಯಾಕಾರದ ಫೋರ್ಕ್ ಬದಲು ಕಾರ್ಬನ್ ಫೈಬರ್ ಮತ್ತು ಕೆವ್ಲಾರ್‌ನಿಂದ ಮಾಡಿದ ಗರ್ಡರ್ ಜೋಡಣೆಯಿದೆ. ಬಲವಾಗಿ ಬ್ರೇಕ್ ಹಿಡಿದಾಗ ಸಾಮಾನ್ಯ ಬೈಕಿನ ಮೂತಿ ನೆಲಕ್ಕೆ ಬಾಗುತ್ತದಲ್ಲ, ಆ ಬಾಗನ್ನು ಎಷ್ಟಿರಬೇಕೆಂದು ಇದರಲ್ಲಿ ವಿನ್ಯಾಸಕಾರನೇ ನಿರ್ಧರಿಸಬಲ್ಲ. ಚಕ್ರಗಳೂ ಕಾರ್ಬನ್ ಫೈಬರಿನವೇ. ಅವನ್ನೂ ಅವರೇ ಮಾಡಿಕೊಂಡರು.

ಅಂಕಿಗಳನ್ನು ಹೇಳಿದಾಗ ಅಪ್ಪ ನಂಬಲಿಲ್ಲ. 999 ಸಿಸಿ, 60 ಡಿಗ್ರಿ ಕೋನದ ವಿ-ಟ್ವಿನ್ ಎಂಜಿನ್, 166 ಅಶ್ವಶಕ್ತಿ, ತೂಕ 138 ಕಿಲೋ. ಅಪ್ಪನ ಯೆಜ್ಡಿ ಇದ್ದುದೂ ಸರಿಸುಮಾರು ಅಷ್ಟೇ ಭಾರ. ಅದರ ಶಕ್ತಿ 16 ಅಶ್ವಗಳ ಆಸುಪಾಸು. ಒಂದೇ ತೂಕಕ್ಕೆ ಹತ್ತು ಪಟ್ಟು ಬಲ. ಇಂಥದ್ದು ಹೇಗೋ ಹೊಂದಿಸಿದ ಜೋಡಣೆಯಿಂದ ಬರುವುದಿಲ್ಲ. ಪ್ರತಿಯೊಂದು ಭಾಗವೂ ಏಕೆ ಅಲ್ಲಿದೆ ಎಂದು ಮೊದಲಿನಿಂದ ಕೇಳಿಕೊಂಡವನಿಗೆ ಮಾತ್ರ ಸಾಧ್ಯ. ದೊಡ್ಡ ಕಂಪನಿಯ ಎಂಜಿನಿಯರಿಗೆ ಕಳೆದ ವರ್ಷದ ಮಾದರಿ ಇರುತ್ತದೆ, ಗೋದಾಮಿನಲ್ಲಿ ಉಳಿದ ಫೋರ್ಕುಗಳಿರುತ್ತವೆ, ಮಾರಾಟ ವಿಭಾಗದ ಒತ್ತಡವಿರುತ್ತದೆ. ಬ್ರಿಟ್ಟನ್ ಅವರಿಗೆ ಇದಾವುದೂ ಇರಲಿಲ್ಲ. ಅವರ ಸ್ವಾತಂತ್ರ್ಯವೆಂದರೆ ಇದೇ. ಜೊತೆಗೆ ಗಾಜಿನೊಡನೆ ಕಳೆದ ವರ್ಷಗಳೂ ಸುಮ್ಮನೆ ಹೋಗಿಲ್ಲವೆಂದು ನನಗನ್ನಿಸುತ್ತದೆ. ಆ ಬೈಕಿನ ಮೈಯಲ್ಲಿ ಒಂದೇ ಒಂದು ನೇರಗೆರೆಯನ್ನು ಹುಡುಕುವುದೂ ಕಷ್ಟ.

1992ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಫ್ಲಾರಿಡಾದ ಡೇಟೋನಾದಲ್ಲಿ ನಡೆದ ‘ಬ್ಯಾಟಲ್ ಆಫ್ ದಿ ಟ್ವಿನ್ಸ್’ ರೇಸ್ ಈ ಕಥೆಯ ನಡುಗಂಬ. ಹಿಂದಿನ ವರ್ಷ ಅದೇ ರೇಸಿನಲ್ಲಿ ಬ್ರಿಟ್ಟನ್ ಬೈಕುಗಳು ಎರಡು ಮತ್ತು ಮೂರನೆಯ ಸ್ಥಾನ ಪಡೆದಿದ್ದವು. ಈ ಬಾರಿ ಹೊಸ ಬೈಕು. ರೇಸಿಗೆ ಮುಂಚಿನ ರಾತ್ರಿ ಸಿಲಿಂಡರಿನ ಒಳಗವಚ ಬಿರುಕು ಬಿಟ್ಟದ್ದು ಕಂಡುಬಂತು. ಬೇರೆ ತಂಡಗಳಾದರೆ ಕಾರ್ಖಾನೆಯಿಂದ ತಂದ ಪೆಟ್ಟಿಗೆ ತೆರೆದು ಹೊಸದನ್ನು ಹಾಕುತ್ತಿದ್ದವು. ಇವರಿಗೆ ಕಾರ್ಖಾನೆಯೆಂದರೆ ಸಾವಿರಾರು ಮೈಲಿ ಆಚೆಯ ಮನೆಯ ಶೆಡ್ಡು. ರಾತ್ರಿಯಿಡೀ ನಿದ್ದೆಗೆಟ್ಟು ಬೆಸುಗೆ ಹಾಕಿ ಬೆಳಗಿನ ಹೊತ್ತಿಗೆ ಬೈಕನ್ನು ನಿಲ್ಲಿಸಿದರು. ರೇಸಿನಲ್ಲಿ ಆ್ಯಂಡ್ರ್ಯೂ ಸ್ಟ್ರೌಡ್ ಡುಕಾಟಿಯ ಪಾಸ್ಕಲ್ ಪಿಕೊಟ್ ಅವರನ್ನು ಹಿಂದಿಕ್ಕಿದ್ದು ಮುಂಚಕ್ರವನ್ನು ಗಾಳಿಗೆತ್ತಿಕೊಂಡೇ. ಇನ್ನೇನು ಗೆಲುವು ಕೈಗೆ ಬಂತೆನ್ನುವಾಗ ವಿದ್ಯುತ್ ವ್ಯವಸ್ಥೆ ಕೈಕೊಟ್ಟು ಬೈಕು ನಿಂತುಹೋಯಿತು. ಬೆಸುಗೆ ಹಾಕಿದ ಸಿಲಿಂಡರ್ ತಾಳಿಕೊಂಡಿತ್ತು.

ದಾಖಲೆಯ ಪುಟದಲ್ಲಿ ಅದು ಸೋಲು. ಆದರೆ ಬೈಕು ಲೋಕಕ್ಕೆ ಬ್ರಿಟ್ಟನ್ ಹೆಸರು ಪರಿಚಯವಾದದ್ದು ಆ ರೇಸಿನಿಂದಲೇ. ಅದೇ ವರ್ಷ ಬ್ರಿಟ್ಟನ್ ಮೋಟರ್‌ಸೈಕಲ್ ಕಂಪನಿ ಸ್ಥಾಪನೆಯಾಯಿತು. 1993ರಲ್ಲಿ 1000 ಸಿಸಿ ವರ್ಗದಲ್ಲಿ ನಾಲ್ಕು ವಿಶ್ವದಾಖಲೆಗಳು ಬಂದವು. 1994ರಲ್ಲಿ ಸ್ಟ್ರೌಡ್ ಡೇಟೋನಾದಲ್ಲಿ ಗೆದ್ದೂ ತೋರಿಸಿದರು.

ಅದೇ 1994ರಲ್ಲಿ ಇನ್ನೊಂದು ಘಟನೆ ನಡೆಯಿತು. ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ರೇಸಿನ ಅಭ್ಯಾಸದ ವೇಳೆ, ಬ್ರಿಟ್ಟನ್ ಬೈಕನ್ನೇರಿದ್ದ ಉತ್ತರ ಐರ್ಲೆಂಡಿನ ಸವಾರ ಮಾರ್ಕ್ ಫಾರ್ಮರ್ ಅಪಘಾತದಲ್ಲಿ ತೀರಿಕೊಂಡರು. ಸಾರ್ವಜನಿಕ ರಸ್ತೆಗಳನ್ನೇ ಟ್ರ್ಯಾಕಾಗಿಸಿ ಓಡಿಸುವ ಆ ರೇಸು ಅನೇಕ ಸವಾರರನ್ನು ಬಲಿ ತೆಗೆದುಕೊಂಡಿದೆ. ಆದರೂ ಕಾರ್ಖಾನೆಯ ಬೈಕಿನಲ್ಲಿ ಸವಾರ ಸತ್ತರೆ ಆ ಭಾರ ಹತ್ತಾರು ವಿಭಾಗಗಳಲ್ಲಿ ಹಂಚಿಹೋಗುತ್ತದೆ. ಪ್ರತಿ ಬೋಲ್ಟನ್ನೂ ತಾನೇ ಬಲ್ಲ ಒಬ್ಬ ಮನುಷ್ಯ ಕಟ್ಟಿದ ಬೈಕಿನಲ್ಲಿ ಹಾಗಾಗುವುದಿಲ್ಲ. ಬ್ರಿಟ್ಟನ್ ಅವರನ್ನು ಕೊಂಡಾಡುವ ಬರಹಗಳಲ್ಲಿ ಫಾರ್ಮರ್ ಹೆಸರು ಒಂದು ಸಾಲಿನಲ್ಲಿ ಮುಗಿದುಹೋಗುವುದು ನನಗೆ ಸರಿಕಂಡಿಲ್ಲ.

‘ಒಬ್ಬ ಮನುಷ್ಯ’ ಎಂದೆನಾದರೂ ಅದೂ ಪೂರ್ತಿ ನಿಜವಲ್ಲ. ಹಿತ್ತಲ ಒಂಟಿ ಪ್ರತಿಭೆಯೆಂಬ ಚಿತ್ರ ಸಿನಿಮಾಕ್ಕೆ ಚೆಂದ. ಆ ಶೆಡ್ಡಿಗೆ ಸಂಜೆಯಾದರೆ ಬೆಸುಗೆಗಾರರು, ಯಂತ್ರ ಕೊರೆಯುವವರು, ನೆರೆಹೊರೆಯ ಗೆಳೆಯರು ತಮ್ಮ ಹಗಲಿನ ಕೆಲಸ ಮುಗಿಸಿಕೊಂಡು ಬರುತ್ತಿದ್ದರು. ಹಲವರು ಸಂಬಳವಿಲ್ಲದೆಯೇ ದುಡಿದರು. ಎರಕದ ಮನೆ, ಲೇತ್ ಅಂಗಡಿಗಳೆಲ್ಲ ಒಂದೇ ಊರಿನೊಳಗೆ, ಪರಿಚಯದ ದೂರದಲ್ಲಿದ್ದವು. ಇವರನ್ನೆಲ್ಲ ರಾತ್ರಿಯೆಲ್ಲ ಎಚ್ಚರವಾಗಿರಿಸುವ ಹಟ ಮತ್ತು ಮಾತಿನ ಮೋಡಿ ಬ್ರಿಟ್ಟನ್ ಅವರದು. ಅದೂ ವಿನ್ಯಾಸದಷ್ಟೇ ದೊಡ್ಡ ವಿದ್ಯೆ.

1995ರಲ್ಲಿ ಬೇರ್ಸ್ ವಿಶ್ವ ಸರಣಿಯಲ್ಲಿ ಸ್ಟ್ರೌಡ್ ಮೊದಲಿಗರು, ಸ್ಟೀಫನ್ ಬ್ರಿಗ್ಸ್ ಎರಡನೆಯವರು. ಇಬ್ಬರದೂ ಬ್ರಿಟ್ಟನ್ ಬೈಕು. ಅಷ್ಟರಲ್ಲಿ ಅವುಗಳ ನಿರ್ಮಾತೃವಿಗೆ ಚರ್ಮದ ಕ್ಯಾನ್ಸರ್ ಅಂಟಿತ್ತು. 1995ರ ಸೆಪ್ಟೆಂಬರ್ 5ರಂದು, ನಲವತ್ತೈದು ತುಂಬಿದ ಒಂದು ತಿಂಗಳಿಗೆ, ಪತ್ನಿ ಮತ್ತು ಮೂವರು ಮಕ್ಕಳನ್ನು ಅಗಲಿದರು.

ಅವರು ಮಾಡಿಟ್ಟ ಕೆಲಸವನ್ನು ತಂಡ ಮುಂದುವರಿಸಿತು. ಒಟ್ಟು ತಯಾರಾದದ್ದು ಹತ್ತೇ ವಿ1000 ಬೈಕುಗಳು. ಕೊನೆಯವು ಅವರ ಮರಣಾನಂತರ ಪೂರ್ಣಗೊಂಡವು. ಒಂದು ಟೆ ಪಾಪಾದಲ್ಲಿದೆ, ಇನ್ನೊಂದು ಅಮೆರಿಕದ ಅಲಬಾಮಾದ ಬಾರ್ಬರ್ ಸಂಗ್ರಹಾಲಯದಲ್ಲಿ, ಉಳಿದವು ಹಲವರ ಒಡೆತನದಲ್ಲಿ. ಕೆಲವು ಮಾಲೀಕರು ಅವನ್ನು ಗಾಜಿನ ಹಿಂದೆ ಇಡದೆ ಆಗಾಗ ಟ್ರ್ಯಾಕಿಗಿಳಿಸುತ್ತಾರೆ. ಬೈಕು ಕೆಟ್ಟಾಗ ಅಂಗಡಿಯಲ್ಲಿ ಬಿಡಿಭಾಗ ಸಿಗುವುದಿಲ್ಲ. ಇಲ್ಲದ ಭಾಗವನ್ನು ಮತ್ತೆ ಮಾಡಿಯೇ ಹಾಕಬೇಕು.