ಔಷಧಿಯ ಅಲರ್ಜಿ ಇಳಿದ ಮೇಲೂ ಮರುಕಳಿಸುವ ಪಿತ್ತದ ಗಂಧೆ

ಪೆನಿಸಿಲಿನ್ ಗುಂಪಿನ ಔಷಧಿಯನ್ನೋ ನೋವುನಿವಾರಕ ಚುಚ್ಚುಮದ್ದನ್ನೋ ಪಡೆದ ಕೆಲವೇ ನಿಮಿಷಗಳಲ್ಲಿ ಮೈಯೆಲ್ಲ ದದ್ದೆದ್ದು, ತುಟಿ ಊದಿ, ಉಸಿರು ಕಟ್ಟಿ, ರಕ್ತದೊತ್ತಡ ಕುಸಿಯುವ ತೀವ್ರ ಅಲರ್ಜಿಗೆ ಅನಾಫಿಲಾಕ್ಸಿಸ್ ಎಂದು ಹೆಸರು. ಸಕಾಲಿಕ ಚಿಕಿತ್ಸೆಯಿಂದ ಪಾರಾಗಿ ಮನೆಗೆ ಮರಳಿದವರಲ್ಲಿ ಕೆಲವರಿಗೆ ಬೇರೊಂದು ಕಾಟ ಆರಂಭವಾಗುತ್ತದೆ. ವಾರಗಳು ಕಳೆದರೂ ಸಂಜೆಯಾಗುತ್ತಲೇ ತೋಳು, ತೊಡೆ, ಸೊಂಟದ ಮೇಲೆ ತುರಿಕೆಯ ಗಂಧೆಗಳೇಳುತ್ತವೆ, ಬೆಳಗಾಗುವಷ್ಟರಲ್ಲಿ ಮಾಯವಾಗುತ್ತವೆ. ಔಷಧಿಯ ನಂಜು ಇನ್ನೂ ರಕ್ತದಲ್ಲಿದೆ ಎಂಬ ಭೀತಿ ಆಗ ಮನೆಮಂದಿಯನ್ನೆಲ್ಲ ಆವರಿಸುವುದು ಸಹಜ.

ಈ ಭೀತಿಗೆ ಆಧಾರ ಕಡಿಮೆ. ಅಮಾಕ್ಸಿಸಿಲಿನ್, ಡೈಕ್ಲೋಫೆನಾಕ್‌ನಂತಹ ಔಷಧಿಗಳು ಆರೋಗ್ಯವಂತರ ದೇಹದಿಂದ ಒಂದೆರಡು ದಿನಗಳಲ್ಲೇ ಹೊರಬೀಳುತ್ತವೆ. ಚರ್ಮದಲ್ಲಿರುವ ಮಾಸ್ಟ್ ಕೋಶಗಳು ಹಿಸ್ಟಮಿನ್ ಸ್ರವಿಸಿದಾಗ ಸೂಕ್ಷ್ಮ ರಕ್ತನಾಳಗಳಿಂದ ದ್ರವ ಸೋರಿ ಗಂಧೆಯೇಳುತ್ತದೆ. ಈ ಕೋಶಗಳನ್ನು ಕೆರಳಿಸಲು ಔಷಧಿಯೇ ಬೇಕೆಂದಿಲ್ಲ. ಯಾವ ಸೋಂಕಿಗಾಗಿ ಔಷಧಿ ನೀಡಲಾಯಿತೋ ಆ ಸೋಂಕೂ ಕಾರಣವಾಗಬಲ್ಲದು. ಆರು ವಾರ ಮೀರಿದ ಗಂಧೆಯನ್ನು ದೀರ್ಘಕಾಲಿಕ ಎನ್ನಲಾಗುತ್ತದೆ. ಅಂಥವರಲ್ಲಿ ಅನೇಕರ ದೇಹ ತನ್ನದೇ ಮಾಸ್ಟ್ ಕೋಶಗಳನ್ನು ಕೆರಳಿಸುವ ಪ್ರತಿಕಾಯಗಳನ್ನು ಉತ್ಪಾದಿಸುತ್ತಿರುತ್ತದೆ. ಆದರೆ ಮೊದಲ ಆಘಾತದ 72 ಗಂಟೆಗಳೊಳಗೆ ಮರುಕಳಿಸುವ ಲಕ್ಷಣಗಳ ಮಾತು ಬೇರೆ. ಅದು ಅನಾಫಿಲಾಕ್ಸಿಸ್‌ನ ಎರಡನೆಯ ಅಲೆಯಾಗಿರಬಹುದಾದ್ದರಿಂದ ಆಸ್ಪತ್ರೆಗೆ ಧಾವಿಸಲೇಬೇಕು.

ನಮ್ಮ ಹಳ್ಳಿಗಳಲ್ಲಿ ಗಂಧೆಯೆದ್ದರೆ ಕಂಬಳಿಯಿಂದ ಮೈ ಉಜ್ಜುವ ರೂಢಿಯಿದೆ. ಉಜ್ಜುವಿಕೆ, ಬಿಸಿ ಇವೆರಡೂ ಗಂಧೆಯನ್ನು ಹೆಚ್ಚಿಸಬಲ್ಲವು. ಬದನೆಕಾಯಿಯಿಂದ ಹಿಡಿದು ಹತ್ತಾರು ಪದಾರ್ಥಗಳನ್ನು ನಂಜೆಂದು ತ್ಯಜಿಸಿ ಸೊರಗುವವರೂ ಉಂಟು. ದೀರ್ಘಕಾಲಿಕ ಗಂಧೆಗೆ ಆಹಾರ ಕಾರಣವಾಗುವುದು ವಿರಳ. ನಿಜವಾಗಿ ಪಥ್ಯ ಬೇಕಾದದ್ದು ಮಾತ್ರೆಗಳ ವಿಷಯದಲ್ಲಿ. ಮೈಕೈ ನೋವೆಂದು ಅಂಗಡಿಯಿಂದ ತಂದು ನುಂಗುವ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಇವು, ಮೂಲ ಅಲರ್ಜಿ ಬೇರೆಯದಕ್ಕೇ ಆಗಿದ್ದರೂ, ದೀರ್ಘಕಾಲಿಕ ಗಂಧೆಯುಳ್ಳ ಅನೇಕರಲ್ಲಿ ಅದನ್ನು ಉಲ್ಬಣಗೊಳಿಸುತ್ತವೆ.

ಚಿಕಿತ್ಸೆಯಲ್ಲಿ ಮೊದಲ ಸ್ಥಾನ ಸೆಟಿರಿಜಿನ್, ಫೆಕ್ಸೊಫೆನಡಿನ್‌ನಂತಹ ನಿದ್ದೆ ಕಡಿಮೆ ತರಿಸುವ ಔಷಧಿಗಳದು. ಗಂಧೆಯೆದ್ದಾಗ ಮಾತ್ರ ನುಂಗುವುದಕ್ಕಿಂತ ನಿತ್ಯ ಸೇವಿಸುವುದು ಫಲಕಾರಿ. ವೈದ್ಯರು ಅಗತ್ಯವೆಂದರೆ ಪ್ರಮಾಣವನ್ನು ನಾಲ್ಕು ಪಟ್ಟಿನವರೆಗೂ ಏರಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಒಮಾಲಿಜುಮ್ಯಾಬ್ ಚುಚ್ಚುಮದ್ದಿದೆ. 2014ರಲ್ಲಿ ಅಮೆರಿಕ ಹಾಗೂ ಯುರೋಪ್‌ಗಳಲ್ಲಿ ಈ ಕಾಯಿಲೆಗೆ ಅದಕ್ಕೆ ಅನುಮತಿ ದೊರೆಯಿತು. ಬೆಲೆ ಮಾತ್ರ ಸಾಮಾನ್ಯರ ಕೈಗೆಟುಕುವಂಥದ್ದಲ್ಲ. ತಕ್ಷಣದ ಆರಾಮಕ್ಕೆ ಮರುಳಾಗಿ ತಿಂಗಳುಗಟ್ಟಲೆ ಸ್ಟೀರಾಯ್ಡ್ ನುಂಗಿದರೆ ಸಕ್ಕರೆ ಕಾಯಿಲೆ, ಮೂಳೆ ಸವೆತಗಳನ್ನು ಆಹ್ವಾನಿಸಿದಂತೆ. ಒಂದೇ ಗಂಧೆ 24 ಗಂಟೆಗಿಂತ ಹೆಚ್ಚು ನಿಂತು ಕಪ್ಪು ಕಲೆ ಉಳಿಸಿದರೆ ರಕ್ತನಾಳದ ಉರಿಯೂತದ ಶಂಕೆಯಿಂದ ಚರ್ಮದ ತುಣುಕನ್ನು ಪರೀಕ್ಷಿಸಬೇಕಾಗುತ್ತದೆ. ಉಸಿರಾಟಕ್ಕೆ ತೊಂದರೆ, ಧ್ವನಿ ಬದಲಾವಣೆ, ತಲೆಸುತ್ತು ಜೊತೆಗೂಡಿದರೆ ತೊಡೆಯ ಸ್ನಾಯುವಿಗೆ ನೀಡುವ ಅಡ್ರಿನಾಲಿನ್ ಒಂದೇ ಜೀವರಕ್ಷಕ. ಏವಿಲ್ ಚುಚ್ಚುಮದ್ದು ಅದಕ್ಕೆ ಬದಲಿಯಲ್ಲ.

ನಮ್ಮಲ್ಲಿ ಒಂದೇ ಔಷಧಿ ಹತ್ತಾರು ಕಂಪನಿಗಳ ಹೆಸರಿನಲ್ಲಿ, ಹಲವು ಮಿಶ್ರಣಗಳಲ್ಲಿ ಮಾರಾಟವಾಗುತ್ತದೆ. 'ಬಿಳಿ ಮಾತ್ರೆ ಆಗಿಬರಲಿಲ್ಲ' ಎಂಬ ನೆನಪು ಪ್ರಯೋಜನಕ್ಕೆ ಬಾರದು. ಅಲರ್ಜಿ ತಂದ ಔಷಧಿಯ ಮೂಲನಾಮವನ್ನು ಆಸ್ಪತ್ರೆಯಿಂದ ಬರೆಸಿಕೊಂಡು ಆ ಚೀಟಿಯನ್ನು ಸದಾ ಜೊತೆಗಿಟ್ಟುಕೊಳ್ಳಬೇಕು. ಹಲ್ಲಿನ ವೈದ್ಯರಿಗೂ ತೋರಿಸಬೇಕು. ಯಾವ ಔಷಧಿಯೆಂಬುದು ಖಚಿತವಿಲ್ಲದಿದ್ದರೆ ನಾಲ್ಕರಿಂದ ಆರು ವಾರಗಳ ನಂತರ ಅಲರ್ಜಿ ತಜ್ಞರಲ್ಲಿ ಪರೀಕ್ಷೆ ಸಾಧ್ಯ. ಚರ್ಮ ಪರೀಕ್ಷೆಗೆ ಮುನ್ನ ಸೆಟಿರಿಜಿನ್‌ನಂತಹ ಮಾತ್ರೆಗಳನ್ನು ವೈದ್ಯರ ಸಲಹೆಯಂತೆ ಕೆಲ ದಿನ ನಿಲ್ಲಿಸಬೇಕಾಗುತ್ತದೆ.